ಎರಡಿಂಚು ನೀರಿಗೆ ಹತ್ತು ಎಚ್‌ಪಿ ಮೋಟ್ರು

ಕಳೆದ ಸಲ ಇಲ್ಲಿ ಅಪ್ಪ ಪಂಪ್‌ಹೌಸ್ ಹತ್ರ ಜಾರಿ ಬಿದ್ದು ಕಾಲಿಗೆ ಪ್ಲೇಟ್ ಹಾಕಿಸಿಕೊಂಡ ಕಥೆ ಬರೆದಿದ್ದೆ. ಹೇಗಿದ್ದಾರೆ ಅಂತ ಕೇಳಿದವರಿಗೆ ಮೊದಲು ಉತ್ತರ ಹೇಳಿಬಿಡ್ತೀನಿ: ಈಗ ವಾಕರ್ ಹಿಡಿದು ಜಗಲಿವರೆಗೆ ಬರ್ತಾರೆ. ಅಲ್ಲಿ ಕೂತು ಇಡೀ ಬೀದಿಗೆ ಯಜಮಾನಿಕೆ ಮಾಡ್ತಾರೆ. ಅರಿಶಿನ ಕೀಳೋರು, ಬೇಯಿಸೋರು, ಮೂಟೆ ಹೊರೋರು ಎಲ್ಲರಿಗೂ ಅಲ್ಲಿಂದಲೇ ಆರ್ಡರ್ ಹೋಗುತ್ತೆ.

ಇವತ್ತು ಬರೆಯೋದು ಅದೇ ಘಟನೆಯಿಂದ ಹುಟ್ಟಿಕೊಂಡ ಇನ್ನೊಂದು ತಲೆನೋವಿನ ಬಗ್ಗೆ. ಗೇಮಿಂಗ್ ಲ್ಯಾಪ್‌ಟಾಪ್ ತಗೋಬೇಕಾ, ಬೇಡವಾ?

ಎರಡಕ್ಕೂ ಏನು ಸಂಬಂಧ ಅಂತೀರಾ? ನನ್ನ ಕೆಲಸ ಮನೆ ಕಟ್ಟೋಕೆ ಮುಂಚೆಯೇ ಮನೆ ತೋರಿಸೋದು. ಮೈಸೂರಿನ ಒಂದು ಚಿಕ್ಕ ಸ್ಟುಡಿಯೊದಲ್ಲಿದ್ದೀನಿ. ಎಂಜಿನಿಯರ್ ಕೊಟ್ಟ ಪ್ಲ್ಯಾನ್ ಇಟ್ಕೊಂಡು ಬ್ಲೆಂಡರ್‌ನಲ್ಲಿ ಮನೆ ಎಬ್ಬಿಸಿ, ಹಾಲ್‌ನಲ್ಲಿ ಸೋಫಾ ಹಾಕಿ, ಕಿಟಕಿಯಿಂದ ಬೆಳಗಿನ ಬಿಸಿಲು ಬೀಳಿಸಿ ಫೋಟೊ ಥರ ಮಾಡಿಕೊಡ್ತೀವಿ. ಇದಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಲದು. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. ಗೇಮ್ ಆಡೋರಿಗೆ ಬೇಕಾದ್ದೂ ಅದೇ ಕಾರ್ಡ್. ಅದಕ್ಕೇ ನಮ್ಮಂಥವರು ಅಂಗಡಿಗೆ ಹೋದ್ರೆ ಕೆಂಪು ನೀಲಿ ದೀಪ ಮಿನುಗೋ ಗೇಮಿಂಗ್ ಮಷಿನ್ ಮುಂದೇನೇ ನಿಲ್ಲಿಸ್ತಾರೆ.

ಅಪ್ಪ ಬಿದ್ದ ಮೇಲೆ ತಿಂಗಳಿಗೆ ಹದಿನೈದು ದಿನ ಊರಿಂದಲೇ ಕೆಲಸ ಮಾಡ್ತೀನಿ ಅಂತ ಆಫೀಸಲ್ಲಿ ಕೇಳಿದೆ. ಒಪ್ಪಿದ್ರು. ಆದ್ರೆ ಆಫೀಸಿನ ಮಷಿನ್ ಹೊರಗೆ ಹೋಗಲ್ಲ, ನಿಂದೇ ಇರಬೇಕು ಅಂದ್ರು. ನನ್ನ ಹತ್ರ ಇದ್ದದ್ದು 2020ರಲ್ಲಿ ಲಾಕ್‌ಡೌನ್ ಹೊತ್ತಲ್ಲಿ ತಗೊಂಡ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. ಅದರಲ್ಲಿ ಒಂದು ಅಡುಗೆಮನೆ ರೆಂಡರ್ ಮಾಡೋ ಹೊತ್ತಿಗೆ ನಿಜವಾದ ಅಡುಗೆಮನೆಯಲ್ಲಿ ಅವ್ವ ಮುದ್ದೆ ತಿರುವಿ, ಸೊಪ್ಪಿನ ಸಾರು ಮಾಡಿ, ಊಟಕ್ಕೂ ಕರೆದಿರ್ತಾಳೆ.

ಆರ್‌ಡಿಯಲ್ಲಿ ಎರಡು ವರ್ಷ ಕಟ್ಟಿ ಕೂಡಿಸಿದ 1,40,000 ರೂಪಾಯಿ ಇತ್ತು. ನಾನು ಕಣ್ಣಿಟ್ಟಿದ್ದ ಲ್ಯಾಪ್‌ಟಾಪ್ 1,24,990. ರ‍್ಯಾಮ್ 32 ಜಿಬಿಗೆ ಏರಿಸಿ, ಬಿದ್ದು ಒಡೆದರೂ ರಿಪೇರಿ ಮಾಡಿಕೊಡೋ ವಾರಂಟಿ ಸೇರಿಸಿದ್ರೆ 1,36,000 ದಾಟುತ್ತಿತ್ತು. ಅಂದ್ರೆ ಇದ್ದದ್ದೆಲ್ಲ ಅದಕ್ಕೇ.

ಒಂದು ವಿಷಯ ಇಲ್ಲಿ ಒಪ್ಪಿಕೊಂಡುಬಿಡಬೇಕು. ಎಲ್ಲರ ಹತ್ರ "ಕೆಲಸಕ್ಕೆ, ಕೆಲಸಕ್ಕೆ" ಅಂತ ಹೇಳ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಹಾಸಿಗೇಲಿ ಮಲಗಿ ಯೂಟ್ಯೂಬ್‌ನಲ್ಲಿ ನೋಡ್ತಿದ್ದದ್ದು ಮಾತ್ರ ಆ ಲ್ಯಾಪ್‌ಟಾಪಲ್ಲಿ ಯಾವ ಗೇಮ್ ಎಷ್ಟು ಎಫ್‌ಪಿಎಸ್ ಓಡುತ್ತೆ ಅನ್ನೋದನ್ನ. ಬ್ಲೆಂಡರ್ ಟೆಸ್ಟ್ ವಿಡಿಯೊ ಒಂದೋ ಎರಡೋ ನೋಡಿರಬಹುದು. (ಜಿಟಿಎ 6 ಬರುತ್ತೆ ಅಂತ ಈಗಲೇ ಲ್ಯಾಪ್‌ಟಾಪ್ ತಗೊಳ್ಳೋ ಗೆಳೆಯರಿಗೆ ಒಂದು ಮಾತು: ಕಂಪನಿ ಘೋಷಿಸಿರೋದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಪಿಸಿ ಹೆಸರು ಆ ಘೋಷಣೆಯಲ್ಲಿ ಇರಲಿಲ್ಲ.)

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ನಮ್ಮೂರು ಗುಂಡ್ಲುಪೇಟೆ ತಾಲೂಕಿನ ಭೀಮನಬೀಡು. ಚೆಂಡುಹೂ, ಅರಿಶಿನ, ಸಣ್ಣ ಈರುಳ್ಳಿ, ಬಾಳೆ ಬೆಳೆಯೋ ಕಡೆ. ಜಗಲಿ ಮೇಲೆ ಕೂತಿದ್ರು. ಮಾತಿನ ಭರದಲ್ಲಿ "ಗೇಮಿಂಗ್ ಲ್ಯಾಪ್‌ಟಾಪ್" ಅಂದುಬಿಟ್ಟೆ. ಅಲ್ಲೇ ತಪ್ಪಾಯ್ತು.

"ಗೇಮಾ? ಲೇ, ಅವನ್ನ ನೋಡೂ ಬುದ್ಧಿ ಬರ್ನಿಲ್ವಾ ನಿಂಗೆ?"

ಅವನು ಅಂದ್ರೆ ನಮ್ಮ ದೊಡ್ಡಪ್ಪನ ಮಗ. ಮೊಬೈಲ್‌ನಲ್ಲಿ ರಮ್ಮಿ ಆಡಿ ಎರಡು ಲಕ್ಷ ಕಳೆದ. ಮೊದಮೊದಲು ಐನೂರು, ಸಾವಿರ ಗೆದ್ದು ಎಲ್ಲರಿಗೂ ಟೀ ಕುಡಿಸ್ತಿದ್ದ. ಆಮೇಲೆ ಅತ್ತಿಗೆ ಸರ ಅಡವಿಗೆ ಹೋಯ್ತು. ಬಿಡಿಸಿಕೊಳ್ಳೋಕೆ ಅಪ್ಪನೂ ಒಂದಿಷ್ಟು ಕೊಟ್ಟಿದ್ರು, ಅದು ವಾಪಸ್ ಬಂದಿಲ್ಲ, ಬರೋದೂ ಇಲ್ಲ. ನಮ್ಮನೇಲಿ ಅವತ್ತಿಂದ ಗೇಮ್ ಅನ್ನೋ ಪದಕ್ಕೆ ಇರೋದು ಅದೊಂದೇ ಅರ್ಥ.

ಅಪ್ಪನನ್ನ ದೂರೋ ಹಾಗೂ ಇಲ್ಲ. ಸರ್ಕಾರಗಳಿಗೇ ಈ ಗೆರೆ ಎಳೆಯೋಕೆ ವರ್ಷಗಳು ಬೇಕಾದವು. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನ ದೇಶಕ್ಕೆಲ್ಲ ನಿಷೇಧಿಸಿತು. ಅದೇ ಕಾನೂನು ಇ-ಸ್ಪೋರ್ಟ್ಸ್ ಅನ್ನೋದನ್ನ ಬೇರೆ ಇಟ್ಟು ಪ್ರೋತ್ಸಾಹ ಕೊಡಬೇಕು ಅನ್ನುತ್ತೆ. ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. "ಇದು ಆ ಥರದ್ದಲ್ಲ ಕನಪ್ಪ, ಮನೆ ಡಿಸೈನ್ ಮಾಡೋ ಮಷಿನ್ನು" ಅಂತ ಫೋನ್‌ನಲ್ಲಿದ್ದ ನನ್ನ ರೆಂಡರ್‌ಗಳನ್ನ ತೋರಿಸಿದೆ. ಕನ್ನಡಕ ಹಾಕ್ಕೊಂಡು ಒಂದೊಂದೇ ನೋಡಿದ್ರು. ಒಂದು ಮನೆ ನೋಡಿ, "ಈಶಾನ್ಯದಲ್ಲಿ ಬಚ್ಚಲು ಮಡಗವ್ರಲ್ಲ" ಅಂತ ತಪ್ಪನ್ನೂ ಹಿಡಿದ್ರು.

ಆಮೇಲೆ ಕೇಳಿದ್ರು: "ಇದು ಎಷ್ಟು ಕರೆಂಟ್ ಎಳೀತದೆ?"

ನಾನು ಎರಡು ವಾರದಿಂದ ಪ್ರೊಸೆಸರ್, ರ‍್ಯಾಮ್, ಸ್ಕ್ರೀನ್ ಎಲ್ಲ ಬಾಯಿಪಾಠ ಮಾಡಿದ್ದೆ. ಇದು ಮಾತ್ರ ನೋಡಿರಲಿಲ್ಲ. ಹುಡುಕಿದೆ. ಅಡಾಪ್ಟರ್ 230 ವ್ಯಾಟ್. ಮಾಮೂಲಿ ಲ್ಯಾಪ್‌ಟಾಪಿನದ್ದು 45, 65 ವ್ಯಾಟ್ ಇರುತ್ತೆ.

"ಎರಡಿಂಚು ನೀರ್ ಬರೋ ಬೋರಿಗೆ ಹತ್ತು ಎಚ್‌ಪಿ ಮೋಟ್ರು ಬುಟ್ರೆ ಏನಾಯ್ತದ್ಲಾ?"

"ನೀರು ಖಾಲಿಯಾಗಿ ಮೋಟ್ರು ಸುಟ್ಟೋಯ್ತದೆ."

"ಗೊತ್ತಲ್ಲ ಮತ್ತೆ. ಒಂದ್ಸಲ ತಂದು ಇಲ್ಲಿ ಓಡ್ಸಿ ನೋಡು. ಆಮೇಲೆ ದುಡ್ ಹಾಕು."

ಎಸ್ಸೆಸ್ಸೆಲ್ಸಿ ಮುಗಿಸದ ಮನುಷ್ಯ ಹೇಳಿದ ಈ ಮಾತನ್ನ ನಾನು ನೋಡಿದ ಯಾವ ರಿವ್ಯೂನಲ್ಲೂ ಯಾರೂ ಹೇಳಿರಲಿಲ್ಲ.

ಮೈಸೂರಿನ ರೂಮಿನ ಗೆಳೆಯನ ಹತ್ರ ಅಂಥದ್ದೇ ಲ್ಯಾಪ್‌ಟಾಪ್ ಇದೆ. 8 ಜಿಬಿ ಗ್ರಾಫಿಕ್ಸ್ ಕಾರ್ಡು, 80 ವ್ಯಾಟ್-ಅವರ್ ಬ್ಯಾಟರಿ. ಫೆಬ್ರವರಿಯ ಒಂದು ಶುಕ್ರವಾರ ಕಾಡಿಬೇಡಿ ಅದನ್ನ ಇಸ್ಕೊಂಡು ಗುಂಡ್ಲುಪೇಟೆ ಬಸ್ ಹತ್ತಿದೆ. ಲ್ಯಾಪ್‌ಟಾಪ್ ಎರಡೂವರೆ ಕೆಜಿ, ಅಡಾಪ್ಟರ್ ಸೇರಿ ಹತ್ತಿರ ಹತ್ತಿರ ಮೂರೂವರೆ. ಅಡಾಪ್ಟರ್ ಅಂದ್ರೆ ಇಟ್ಟಿಗೆ ಅಂದ್ಕೊಳ್ಳಿ. ಸೀಟ್ ಸಿಗಲಿಲ್ಲ. ನಂಜನಗೂಡು ದಾಟೋ ಹೊತ್ತಿಗೆ ಎಡಭುಜ ಮರಗಟ್ಟಿತ್ತು. "ಪೋರ್ಟಬಲ್" ಅನ್ನೋ ಪದ ಬರೆಯೋರು ಒಂದ್ಸಲ ಶುಕ್ರವಾರ ಸಂಜೆಯ ಬಸ್ಸಲ್ಲಿ ನಿಂತು ಬರಬೇಕು.

ಶನಿವಾರ ಬೆಳಗ್ಗೆ ನಡುಮನೇಲಿ ಮೇಜು ಹಾಕಿ ಶುರು ಮಾಡಿದೆ. ಕರೆಂಟ್ ಇದ್ದಷ್ಟು ಹೊತ್ತು ಮಷಿನ್ ಏನು ಓಡ್ತು ಅಂತೀರಿ! ನನ್ನ ಹಳೇದರಲ್ಲಿ ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದ ಒಂದು ಚಿತ್ರ ಎರಡು ನಿಮಿಷಕ್ಕೆ ಮುಗೀತು. ಫ್ಯಾನ್ ಸದ್ದು ಮಾತ್ರ ಹೇಳೋ ಹಾಗಿಲ್ಲ. ಅವ್ವ ಅಡುಗೆಮನೆಯಿಂದ ಬಂದು, "ಇದೇನ್ಲಾ ಮಗ, ರೈಸ್‌ಮಿಲ್ ಇದ್ದಂಗದೆ" ಅಂದಳು.

ಹನ್ನೊಂದೂವರೆಗೆ ಕರೆಂಟ್ ಹೋಯ್ತು.

ಇಲ್ಲಿ ಎರಡು ಸಂಗತಿ ಕಲಿತೆ. ಒಂದು, ಈ ಲ್ಯಾಪ್‌ಟಾಪ್‌ಗಳ ತಾಕತ್ತು ಇರೋದು ಗೋಡೆಯ ಪ್ಲಗ್‌ನಲ್ಲಿ. ಬ್ಯಾಟರಿ ಮೇಲೆ ಬಂದ ತಕ್ಷಣ ಮಷಿನ್ ತಾನಾಗೇ ಶಕ್ತಿ ಇಳಿಸಿಕೊಳ್ಳುತ್ತೆ, ಯಾಕಂದ್ರೆ ಬ್ಯಾಟರಿ ಅಷ್ಟು ವ್ಯಾಟ್ ಒಟ್ಟಿಗೆ ಕೊಡಲಾರದು. ಎರಡು ನಿಮಿಷದ ಚಿತ್ರ ಐದೂವರೆ ನಿಮಿಷಕ್ಕೆ ಹೋಯ್ತು. ಐವತ್ತು ನಿಮಿಷಕ್ಕೆ ಬ್ಯಾಟರಿಯೂ ಮುಗೀತು. ಲೆಕ್ಕ ಸರಿಯಾಗೇ ಇದೆ: 80 ವ್ಯಾಟ್-ಅವರ್ ಬ್ಯಾಟರಿಯನ್ನ 90-95 ವ್ಯಾಟ್‌ನಂತೆ ಹೀರಿದ್ರೆ ಅಷ್ಟೇ ಬರೋದು. ಇನ್ನೂ ದೊಡ್ಡ ಬ್ಯಾಟರಿ ಹಾಕಬಾರದಾ ಅಂದ್ರೆ, ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಹಾಗಾಗಿ ದುಬಾರಿ ಲ್ಯಾಪ್‌ಟಾಪ್‌ಗಳೂ 99ರ ಆಸುಪಾಸಲ್ಲೇ ನಿಂತುಬಿಡ್ತವೆ.

ಎರಡನೇದು ಇನ್ವರ್ಟರ್. ನಮ್ಮನೇಲಿರೋದು ಎರಡು ಫ್ಯಾನು, ನಾಲ್ಕು ಲೈಟು, ಒಂದು ಟಿವಿಗೆ ಅಂತ ಹಾಕಿಸಿದ್ದು. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದ್ರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ನಷ್ಟ ಕಳೆದು, ಬ್ಯಾಟರಿಗೆ ಆರು ವರ್ಷ ವಯಸ್ಸಾಗಿದೆ ಅನ್ನೋದನ್ನೂ ಕಳೆದ್ರೆ ಅರ್ಧವೂ ಉಳಿಯಲ್ಲ. ಲ್ಯಾಪ್‌ಟಾಪ್ ಅದಕ್ಕೆ ಚುಚ್ಚಿ ರೆಂಡರ್ ಕೊಟ್ಟೆ. ಅಡಾಪ್ಟರ್ ಗುಂಯ್ ಅನ್ನೋಕೆ ಶುರು ಮಾಡ್ತು. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಇಂಥ ಸೂಕ್ಷ್ಮ ಅಡಾಪ್ಟರ್‌ಗೆ ಸೈನ್ ವೇವ್ ಇರಬೇಕು ಅಂತ ಆಮೇಲೆ ಗೊತ್ತಾಯ್ತು. ಒಂದೂವರೆ ಗಂಟೆಗೆ ಇನ್ವರ್ಟರ್ ಕೀಂ ಕೀಂ ಅಂತ ಅಳೋಕೆ ಹಿಡೀತು. ಮಧ್ಯಾಹ್ನದ ಧಾರಾವಾಹಿ ಹೊತ್ತಿಗೆ ಟಿವಿ ಇಲ್ಲ, ಫ್ಯಾನ್ ಇಲ್ಲ. ಅಪ್ಪ ಏನೂ ಅನ್ನಲಿಲ್ಲ. ಬೀಸಣಿಗೆಗೆ ಪೇಪರ್ ಮಡಚಿಕೊಂಡು ನನ್ನ ಕಡೆ ನೋಡಿದ್ರು ಅಷ್ಟೇ.

ಸಂಜೆ ಕರೆಂಟ್ ಬಂತು. ಆದ್ರೆ ವೋಲ್ಟೇಜ್ ಕಡಿಮೆ, ಟ್ಯೂಬ್‌ಲೈಟ್ ಕಣ್ಣು ಮಿಟುಕಿಸ್ತಿತ್ತು. ಒಂದೂಕಾಲು ಲಕ್ಷದ ವಸ್ತು, ಅದೂ ಬೇರೆಯವರದ್ದು. ಕೈ ನಡುಗಿ ಪ್ಲಗ್ ಕಿತ್ತಿಟ್ಟೆ.

ಭಾನುವಾರ ಇನ್ನೊಂದು ಸಮಸ್ಯೆ ಕಾಣಿಸ್ತು. ಪಕ್ಕದ ಕಣದಲ್ಲಿ ಬೇಗ ಕಿತ್ತವರ ಅರಿಶಿನ ಒಣಗಿ ಪಾಲಿಶ್ ಆಗ್ತಿತ್ತು. ಡ್ರಮ್ ತಿರುಗೋವಾಗ ಏಳೋ ಧೂಳು ನಮಗೆ ಅಭ್ಯಾಸ. ಲ್ಯಾಪ್‌ಟಾಪಿಗಲ್ಲ. ಹಿಂದಿನ ಗಾಳಿಕಿಂಡಿ ನೋಡ್ತೀನಿ, ಜಾಲರಿ ತುಂಬ ತೆಳು ಹಳದಿ. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆ ಥರ ಆಗಿತ್ತು. ನಗು ಬಂತು, ಜೊತೆಗೆ ಭಯವೂ ಆಯ್ತು. ಈ ಮಷಿನ್‌ಗಳು ತಣ್ಣಗಿರೋದು ಆ ಕಿಂಡಿಯಿಂದ ಗಾಳಿ ಎಳೆದುಕೊಂಡು. ಅದು ಕಟ್ಟಿಕೊಂಡ್ರೆ ಒಳಗಿನ ಶಾಖ 90 ಡಿಗ್ರಿ ದಾಟಿ, ಮಷಿನ್ ತನ್ನನ್ನ ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ. ಮೈಸೂರಿಗೆ ಹೋಗಿ ಐನೂರು ರೂಪಾಯಿ ಕೊಟ್ಟು ಕ್ಲೀನ್ ಮಾಡಿಸಿ ಗೆಳೆಯನಿಗೆ ಕೊಟ್ಟೆ. ಅವನಿಗೆ ಈ ಅಂಕಣ ಓದೋವರೆಗೂ ವಿಷಯ ಗೊತ್ತಿರಲ್ಲ. ಸಾರಿ ಮಗಾ.

ಕರೆಂಟ್ ಬಿಲ್ ಬಗ್ಗೆಯೂ ಹೇಳಿಬಿಡ್ತೀನಿ, ಯಾಕಂದ್ರೆ ಊರಿಂದ ಕೆಲಸ ಮಾಡೋ ತುಂಬ ಜನ ಇದನ್ನ ಲೆಕ್ಕ ಹಾಕಿರಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಫ್ರೀ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಮಿತಿ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಶೇಕಡಾವಾರು ಬಿಟ್ಟು 10 ಯೂನಿಟ್ ಹೆಚ್ಚುವರಿ ಅಂತ ಮಾಡಿದ್ರು. ನಮ್ಮನೆ ಸರಾಸರಿ 44, ಮಿತಿ 54. ಮಷಿನ್ 200 ವ್ಯಾಟ್‌ನಂತೆ ದಿನಕ್ಕೆ ಆರು ಗಂಟೆ ಓಡಿದ್ರೆ 1.2 ಯೂನಿಟ್, ಹದಿನೈದು ದಿನಕ್ಕೆ 18. ಮಿತಿ ದಾಟೋದು ಗ್ಯಾರಂಟಿ, ದಾಟಿದ್ದಕ್ಕೆ ನಾವು ಕಟ್ಟಬೇಕು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದ್ರೂ ನೂರು ರೂಪಾಯಿ ಚಿಲ್ಲರೆ, ಅದೇನು ದೊಡ್ಡದಲ್ಲ. ಆದ್ರೆ ಅವ್ವನಿಗೆ ಸೊನ್ನೆ ಬಿಲ್ಲು ಅಂದ್ರೆ ಒಂದು ಹೆಮ್ಮೆ. ಪ್ರತಿ ತಿಂಗಳ ಬಿಲ್ಲನ್ನ ದೇವರ ಫೋಟೊ ಹಿಂದೆ ಸಿಕ್ಕಿಸಿಟ್ಟಿದ್ದಾಳೆ. ಅದನ್ನ ಕೆಡಿಸೋ ಧೈರ್ಯ ನನಗಿಲ್ಲ.

ಮತ್ತೆ ಏನು ಮಾಡೋದು? ಕೆಲಸ ಬಿಡೋಕಾಗಲ್ಲ. ಅಪ್ಪನ್ನ ಬಿಡೋಕೂ ಆಗಲ್ಲ. ಎರಡು ದಿನ ಏನೂ ತೋಚಲಿಲ್ಲ. ಇಎಂಐ ಹಾಕಿ ಲ್ಯಾಪ್‌ಟಾಪನ್ನೂ ತಗೊಂಡು, ಇರೋ ದುಡ್ಡಲ್ಲಿ ದೊಡ್ಡ ಇನ್ವರ್ಟರ್ರೂ ಹಾಕಿಸೋಣ ಅಂತ ಒಂದು ಹುಚ್ಚು ಯೋಚನೆ ಬಂತು. ನೋ ಕಾಸ್ಟ್ ಇಎಂಐ ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರಲ್ಲ, ಅದರ ಕೆಳಗಿನ ಸಣ್ಣಕ್ಷರ ಓದಿದೆ. ಬ್ಯಾಂಕ್ ಬಡ್ಡಿ ಹಾಕೇ ಹಾಕುತ್ತೆ, ಅಂಗಡಿಯವರು ಅಷ್ಟು ಮೊತ್ತವನ್ನ ಮೊದಲೇ ಡಿಸ್ಕೌಂಟ್ ಅಂತ ಕಳೀತಾರೆ. ಆದ್ರೆ ಆ ಬಡ್ಡಿ ಮೇಲಿನ ಶೇ 18 ಜಿಎಸ್‌ಟಿ ನಮ್ಮ ತಲೆಗೇ. ಪ್ರೊಸೆಸಿಂಗ್ ಫೀ, ಅದರ ಮೇಲಿನ ಜಿಎಸ್‌ಟಿ ಬೇರೆ. ಪೂರ್ತಿ ದುಡ್ಡು ಕೊಟ್ರೆ ಅಂಗಡೀಲಿ ಸಿಗ್ತಿದ್ದ ರಿಯಾಯಿತಿಯೂ ಹೋಗುತ್ತೆ.

ದಾರಿ ತೋರಿಸಿದ್ದು ಒಂದು ಸಣ್ಣ ಆಕಸ್ಮಿಕ. ಮುಂದಿನ ವಾರ ಊರಿಗೆ ಹೊರಟಾಗ ಗೆಳೆಯ ಲ್ಯಾಪ್‌ಟಾಪ್ ಕೊಡಲ್ಲ ಅಂದ. (ಧೂಳಿನ ಸುಳಿವು ಸಿಕ್ಕಿತ್ತೋ ಏನೋ.) "ರೂಮಲ್ಲೇ ಇಟ್ಟಿರ್ತೀನಿ, ಆನ್ ಮಾಡಿರ್ತೀನಿ, ನಿನ್ ಹಳೇದ್ರಿಂದ ರಿಮೋಟಲ್ಲಿ ಕನೆಕ್ಟ್ ಆಗು" ಅಂದ. ಆಫೀಸಲ್ಲಿ ಐಟಿಯವರು ದೂರದಿಂದ ನಮ್ಮ ಮಷಿನ್ ಸರಿ ಮಾಡೋದನ್ನ ನೋಡಿದ್ದೀವಲ್ಲ, ಅದೇ ವಿದ್ಯೆ. ಮೈಸೂರಿನ ಮಷಿನ್‌ನ ಪರದೆ ಭೀಮನಬೀಡಿನ ಹಳೇ ಲ್ಯಾಪ್‌ಟಾಪಲ್ಲಿ ಕಾಣುತ್ತೆ. ಇಲ್ಲಿ ಮೌಸ್ ಆಡಿಸಿದ್ರೆ ಅಲ್ಲಿ ಆಡುತ್ತೆ. ಲೆಕ್ಕವೆಲ್ಲ ಅಲ್ಲೇ ನಡೆಯುತ್ತೆ, ಇಲ್ಲಿಗೆ ಬರೋದು ಬರೀ ಚಿತ್ರ. ಊರಲ್ಲಿ ಫೈಬರ್ ಕನೆಕ್ಷನ್ ಇದೆ. ಹತ್ತು ಹದಿನೈದು ಎಂಬಿಪಿಎಸ್ ಸರಿಯಾಗಿ ಬಂದ್ರೆ ಇಷ್ಟಕ್ಕೆ ಸಾಕು.

ಆ ಶನಿವಾರ ಮಧ್ಯಾಹ್ನ ಒಂದು ಮನೆಯ ಮೂವತ್ತು ಚಿತ್ರ ರೆಂಡರ್‌ಗೆ ಕೊಟ್ಟಿದ್ದೆ. ನಾಲ್ಕಕ್ಕೆ ಕರೆಂಟ್ ಹೋಯ್ತು, ನೆಟ್ಟೂ ಹೋಯ್ತು. ಲ್ಯಾಪ್‌ಟಾಪ್ ಮುಚ್ಚಿಟ್ಟು ಅಪ್ಪನ ಕಾಲಿಗೆ ಎಣ್ಣೆ ಹಚ್ಚಿ, ಕಣದ ಕಡೆ ಹೋಗಿ ಮೂಟೆ ಎಣಿಸಿ ಬಂದೆ. ಆರೂವರೆಗೆ ಕರೆಂಟ್ ಬಂದ ಮೇಲೆ ತೆಗೆದು ನೋಡ್ತೀನಿ, ಮೂವತ್ತೂ ಮುಗಿದಿವೆ. ನಮ್ಮೂರಲ್ಲಿ ಕರೆಂಟ್ ಹೋದದ್ದು ಮೈಸೂರಿನ ಮಷಿನ್‌ಗೆ ಗೊತ್ತೇ ಆಗಿಲ್ಲ.

ಹಾಗಿದ್ರೆ ಅಲ್ಲೇ ಕೂರೋ ಮಷಿನ್ ಲ್ಯಾಪ್‌ಟಾಪೇ ಯಾಕಾಗಬೇಕು?

ಡೆಸ್ಕ್‌ಟಾಪ್ ಕಡೆ ನೋಡೋಕೆ ಶುರು ಮಾಡಿದ ಮೇಲೆ ಗೊತ್ತಾದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಗ್ರಾಫಿಕ್ಸ್ ಕಾರ್ಡ್‌ನ ಹೆಸರು ಒಂದೇ ಇದ್ದರೂ ಲ್ಯಾಪ್‌ಟಾಪ್‌ನದ್ದು ಬೇರೆ, ಡೆಸ್ಕ್‌ಟಾಪ್‌ನದ್ದು ಬೇರೆ. ಉದಾಹರಣೆಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಡೆಸ್ಕ್‌ಟಾಪ್‌ನಲ್ಲಿ 12 ಜಿಬಿ ಮೆಮೊರಿ ಇದ್ರೆ, ಅದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡಲ್ಲಿ 8 ಜಿಬಿ. ಒಳಗಿನ ಚಿಪ್ಪೇ ಬೇರೆ. ಎರಡು ಲ್ಯಾಪ್‌ಟಾಪ್‌ಗಳ ನಡುವೆಯೂ ವ್ಯತ್ಯಾಸ ಇರುತ್ತೆ. ಲ್ಯಾಪ್‌ಟಾಪಿನ 4060ಗೆ ಕಂಪನಿಗಳು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದ್ರೂ ಶಕ್ತಿ ಕೊಡಬಹುದು. ತೆಳ್ಳಗಿನ, ಚೆಂದದ ಲ್ಯಾಪ್‌ಟಾಪಲ್ಲಿ ಕಡಿಮೆ ವ್ಯಾಟ್ ಇಟ್ಟಿರ್ತಾರೆ. ಸ್ಟಿಕ್ಕರ್ ಎರಡರ ಮೇಲೂ ಒಂದೇ. ಅಂಗಡೀಲಿ "4060 ಇದೆ ಸಾರ್" ಅಂದ್ರೆ "ಎಷ್ಟು ವ್ಯಾಟಿಂದು?" ಅಂತ ಕೇಳಿ ನೋಡಿ. ನಾನು ಕೇಳಿದ ಮೂರು ಕಡೆ ಇಬ್ಬರು ಅಡಾಪ್ಟರ್ ತೋರಿಸಿದ್ರು.

ನಮ್ಮ ಕೆಲಸಕ್ಕೆ ಕಾರ್ಡ್‌ನ ಮೆಮೊರಿ ಮುಖ್ಯ. ದೊಡ್ಡ ಮನೆ, ಗಿಡ ಮರ, ಹುಲ್ಲುಹಾಸು ಎಲ್ಲ ಸೇರಿದ ದೃಶ್ಯ 8 ಜಿಬಿಯಲ್ಲಿ ಹಿಡಿಸದೆ ಹೋದ್ರೆ ರೆಂಡರ್ ಅರ್ಧಕ್ಕೆ ನಿಲ್ಲುತ್ತೆ, ಇಲ್ಲ ತೆವಳುತ್ತೆ. 16 ಜಿಬಿ ಇರೋ ಆರ್‌ಟಿಎಕ್ಸ್ 5060 ಟಿಐ ಕಾರ್ಡ್ ಹಾಕಿಸಿ, ಯುಪಿಎಸ್ ಸಮೇತ ಡೆಸ್ಕ್‌ಟಾಪ್ ಜೋಡಿಸಿದ್ದಕ್ಕೆ ನನಗೆ 1,12,000 ಆಯ್ತು. 2025ರ ಕೊನೆಯಿಂದ ಎಐ ಕಂಪನಿಗಳ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ತಿರೋದ್ರಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಇಲ್ಲದಿದ್ರೆ ಇನ್ನೂ ಕಡಿಮೆಗೆ ಆಗ್ತಿತ್ತು. ಇನ್ವರ್ಟರ್‌ಗೆ ಹೊಸ ಬ್ಯಾಟರಿ 15,000. ಹಳೇ ಲ್ಯಾಪ್‌ಟಾಪ್‌ಗೆ ಹೊಸ ಬ್ಯಾಟರಿ 3,500. ಕೈಯಲ್ಲಿ 9,500 ಉಳೀತು, ಅದು ಅಪ್ಪನ ಫಿಸಿಯೊಥೆರಪಿಗೆ ಹೋಯ್ತು.

ಎಲ್ಲ ಸುಸೂತ್ರ ಅಂತ ತಿಳ್ಕೋಬೇಡಿ. ಮೊದಲ ತಿಂಗಳೇ ಒಂದು ಭಾನುವಾರ ಬೆಳಗ್ಗೆ ಮೈಸೂರಿನ ಮಷಿನ್ ಸಿಗಲೇ ಇಲ್ಲ. ರಾತ್ರಿ ಅಪ್‌ಡೇಟ್ ಆಗಿ ತಾನೇ ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳ್ತಾ ಕೂತಿತ್ತು. ಗೆಳೆಯ ಅವನೂರಿಗೆ ಹೋಗಿದ್ದ. ಸೋಮವಾರ ಕೊಡಬೇಕಿದ್ದ ಕೆಲಸ. ಓನರ್ ಆಂಟಿಗೆ ಫೋನ್ ಮಾಡಿ, ಇನ್ನೊಂದು ಕೀ ಅವರ ಹತ್ರ ಇತ್ತಲ್ಲ, ವಿಡಿಯೊ ಕಾಲ್‌ನಲ್ಲಿ ಅವರಿಂದ ಪಾಸ್‌ವರ್ಡ್ ಹೊಡೆಸಿದೆ. "ಕ್ಯಾಪಿಟಲ್ ಬಿ ಅಂದ್ರೆ ದೊಡ್ಡದಾ?" ಅಂತ ಅವರು ಕೇಳಿದ್ದು, ನಾನು ಗುಟ್ಟಿನ ಪಾಸ್‌ವರ್ಡನ್ನ ಜಗಲಿ ಮೇಲೆ ನಿಂತು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ದು, ಅದೇ ಒಂದು ಅಂಕಣ ಆಗುತ್ತೆ. ಈಗ ಅಪ್‌ಡೇಟ್‌ನ ಸಮಯ ನಾನೇ ಇಟ್ಟಿದ್ದೀನಿ, ರೀಸ್ಟಾರ್ಟ್ ಆದ್ರೂ ಪಾಸ್‌ವರ್ಡ್‌ಗೆ ಮುಂಚೆಯೇ ಕನೆಕ್ಟ್ ಆಗೋ ಹಾಗೆ ರಿಮೋಟ್ ಆ್ಯಪನ್ನ ಜೋಡಿಸಿದ್ದೀನಿ. ಕರೆಂಟ್ ಹೋಗಿ ಬಂದ್ರೆ ತಾನೇ ಆನ್ ಆಗೋ ಸೆಟ್ಟಿಂಗ್ ಬಯೋಸ್‌ನಲ್ಲಿ ಇರುತ್ತೆ, ಅದನ್ನೂ ಹಾಕಿದ್ದೀನಿ.

ಆಮೇಲೆ ಗೇಮ್. ರಿಮೋಟ್‌ನಲ್ಲಿ ಮೌಸ್ ಒಂದು ಚೂರು ತಡವಾಗಿ ಆಡುತ್ತೆ. ಗೋಡೆ ಎಳೆಯೋಕೆ, ಬಣ್ಣ ಹಚ್ಚೋಕೆ ಅದು ತೊಂದರೆ ಇಲ್ಲ. ಶೂಟಿಂಗ್ ಗೇಮಲ್ಲಿ ಮಾತ್ರ ನಾನು ಗುರಿ ಇಡೋಷ್ಟರಲ್ಲಿ ಸತ್ತಿರ್ತೀನಿ. ಹಾಗಾಗಿ ಊರಲ್ಲಿ ಗೇಮ್ ಇಲ್ಲ. ಮೈಸೂರಲ್ಲಿರೋ ಹದಿನೈದು ದಿನ ಮಾತ್ರ. ಬೇಜಾರಾಗುತ್ತಾ ಅಂದ್ರೆ ಆಗುತ್ತೆ. ಲ್ಯಾಪ್‌ಟಾಪ್ ರಿವ್ಯೂ ವಿಡಿಯೊ ಈಗಲೂ ನೋಡ್ತೀನಿ.

ನನಗೆ ಬೇಡವಾಯ್ತು ಅಂತ ಯಾರಿಗೂ ಬೇಡ ಅನ್ನಲ್ಲ. ಹಾಸ್ಟೆಲ್‌ನಲ್ಲಿರೋ ಎಂಜಿನಿಯರಿಂಗ್ ಹುಡುಗ ಹುಡುಗಿಯರು, ಆರಾರು ತಿಂಗಳಿಗೆ ಪಿಜಿ ಬದಲಿಸೋರು ಡೆಸ್ಕ್‌ಟಾಪ್ ಹೊತ್ಕೊಂಡು ತಿರುಗೋಕಾಗಲ್ಲ. ಅಂಥವರಿಗೆ ಗೇಮಿಂಗ್ ಲ್ಯಾಪ್‌ಟಾಪೇ ಸರಿ. ಕಾರ್ಡ್‌ನ ವ್ಯಾಟ್ ಕೇಳಿ. ರ‍್ಯಾಮ್ ಆಮೇಲೆ ಹೆಚ್ಚಿಸೋಕೆ ಸ್ಲಾಟ್ ಇದೆಯಾ, ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ನೋಡಿ. ಡಿಸೈನ್ ಕೆಲಸ ಮಾಡೋರು ಸ್ಕ್ರೀನ್ ಬಗ್ಗೆ ಶೇ 100 ಎಸ್‌ಆರ್‌ಜಿಬಿ ಅಂತ ಬರೆದಿದೆಯಾ ಹುಡುಕಿ. ಶೇ 45 ಎನ್‌ಟಿಎಸ್‌ಸಿ ಅಂತ ಇದ್ರೆ ಬಣ್ಣ ತೊಳೆದ ಬಟ್ಟೆ ಥರ ಕಾಣುತ್ತೆ. ಮನೆಗೇ ಬಂದು ರಿಪೇರಿ ಮಾಡ್ತೀವಿ ಅನ್ನೋ ವಾರಂಟಿ ನಿಮ್ಮೂರಿನ ಪಿನ್‌ಕೋಡ್‌ಗೆ ಇದೆಯಾ ಅಂತ ವೆಬ್‌ಸೈಟಲ್ಲಿ ಹಾಕಿ ನೋಡಿ. ನನ್ನದಕ್ಕೆ ಹಾಕಿದಾಗ ಮೈಸೂರಿಗೆ ತನ್ನಿ ಅಂತ ಬಂತು. ಗುಂಡ್ಲುಪೇಟೆಯಿಂದಲೇ ಅರವತ್ತು ಕಿಲೋಮೀಟರ್.

ಆಗೋದಾದ್ರೆ ಯಾರದ್ದಾದ್ರೂ ಒಂದನ್ನ ಇಸ್ಕೊಂಡು ನೀವು ದಿನಾ ಕೂರೋ ಜಾಗದಲ್ಲಿ ಎರಡು ದಿನ ಓಡಿಸಿ ನೋಡಿ. ವಾಪಸ್ ಕೊಡೋವಾಗ ಕ್ಲೀನ್ ಮಾಡಿಸಿ ಕೊಡಿ.

ಇನ್ವರ್ಟರ್ ಬ್ಯಾಟರಿ ಬಂದ ದಿನ ಅಪ್ಪ ವಾಕರ್ ಹಿಡಿದು ಮೂಲೆವರೆಗೂ ಬಂದು ನಿಂತು ನೋಡಿದ್ರು. ಎಲೆಕ್ಟ್ರಿಷಿಯನ್ ಹುಡುಗನಿಗೆ ಟರ್ಮಿನಲ್‌ಗೆ ಗ್ರೀಸ್ ಹಚ್ಚೋದು ಹೇಗೆ ಅಂತ ಹೇಳಿಕೊಟ್ರು. ಅವನು ಹೋದ ಮೇಲೆ ನನ್ನ ಕೇಳಿದ್ರು: "ಮತ್ತೆ ಆ ಮೈಸೂರ್ ಮಷಿನ್‌ಗೆ ಬಾಡ್ಗೆ ಯಾರ್ ಕಟ್ತಾರೆ?"

"ಬಾಡ್ಗೆ ರೂಮಿಗೆ ಕನಪ್ಪ, ಮಷಿನ್‌ಗಲ್ಲ."

"ನೀನ್ ಇಲ್ಲಿದ್ದಾಗ ರೂಮಲ್ಲಿ ಇರದು ಮಷಿನ್ನೇ ತಾನೆ?"

ಹದಿನೈದು ದಿನದ ನನ್ನ ಪಾಲಿನ ಬಾಡಿಗೆ 2,750 ರೂಪಾಯಿ. ಇದನ್ನ ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.